ಸಬಲರಾದವರು ಒಬ್ಬರು ಬೇಕಾಗಿದ್ದಾರೆ

ಶಿಕ್ಷಕರ ತರಬೇತಿಗೆ ನಾನು ಎಷ್ಟೇ ಬಿಗಿಯಾದ ವೇಳಾಪಟ್ಟಿ ಹಾಕಿಕೊಂಡು ಹೋಗಲಿ, ಅದರಲ್ಲಿ ಇಲ್ಲದ್ದೇ ಮೊದಲು ನಡೆಯುತ್ತದೆ. ಮೊದಮೊದಲು ಇದು ನನ್ನ ಸಿದ್ಧತೆಯ ಕೊರತೆ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನನ್ನ ಸಿದ್ಧತೆಯಲ್ಲಿ ಕೊರತೆ ಇರುವುದಿಲ್ಲ.

ನಾನು ಓದಿದ್ದು ಧಾರವಾಡದ ಕಾನ್ವೆಂಟಿನಲ್ಲಿ. ಅಲ್ಲಿ ಗಂಟೆ ಹೊಡೆದ ಮೇಲೆ ಕೆಮ್ಮಿದರೂ ಕಾರಣ ಕೇಳುತ್ತಿದ್ದರು. ಮದುವೆಯಾಗಿ ಶಿರಸಿಗೆ ಬಂದು ಮೂವತ್ತು ವರ್ಷ ದಾಟಿತು. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಹನ್ನೊಂದಕ್ಕೆ ಬಂದು, "ಓ, ಶುರು ಆಗ್ಹೋತಾ?" ಎಂದು ಆಶ್ಚರ್ಯಪಡುವವರನ್ನು ಕಂಡು ಇವತ್ತಿಗೂ ನನಗೆ ಅಭ್ಯಾಸವಾಗಿಲ್ಲ. ಮಕ್ಕಳ ಓದು ಮುಗಿದ ಮೇಲೆ ನಾನು ಸೇರಿದ ಸೇವಾ ಸಂಘದವರು ಶಿಕ್ಷಕರ ತರಬೇತಿಯನ್ನು ನನಗೆ ಒಪ್ಪಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಯ ಮಾಸ್ತರುಗಳನ್ನೂ ಅಕ್ಕೋರುಗಳನ್ನೂ ಸೇರಿಸಿ ಶಿಬಿರ ನಡೆಸಿ, ಅವರನ್ನು ಸಬಲಗೊಳಿಸುವುದು ನನ್ನ ಕೆಲಸ. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ.

ಎರಡು ವರ್ಷ ಸಬಲೀಕರಣ ನಡೆದ ಮೇಲೆ ಹುಬ್ಬಳ್ಳಿಯಿಂದ ನಮ್ಮ ವಲಯ ಅಧ್ಯಕ್ಷರ ಪತ್ರ ಬಂತು. "ಶಿಬಿರಗಳ ವರದಿ ತಲುಪಿದೆ. ಎಲ್ಲ ವರದಿಗಳಲ್ಲೂ ಹಾರ, ತುರಾಯಿ ಕಾಣುತ್ತಿವೆ. ಆದರೆ ಸಬಲರಾದವರು ಯಾರು? ಹತ್ತು ಜನರ ಎದುರು ತಮಗೆ ಸರಿ ಕಂಡದ್ದನ್ನು ಹೆದರದೆ ಹೇಳುವ ಒಬ್ಬರೇ ಒಬ್ಬ ಶಿಕ್ಷಕರನ್ನು ತೋರಿಸಿ. ಜನವರಿಯಲ್ಲಿ ಖುದ್ದಾಗಿ ಬರುತ್ತೇನೆ. ತೋರಿಸದಿದ್ದರೆ ಈ ಕಾರ್ಯಕ್ರಮವನ್ನು ನಿಲ್ಲಿಸಿ, ಮುಂದಿನ ವರ್ಷದಿಂದ ನಿಮ್ಮ ಮೂರೂ ತಾಲ್ಲೂಕುಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ಹಮ್ಮಿಕೊಳ್ಳತಕ್ಕದ್ದು. ಅದಕ್ಕೂ ನೀವೇ ಮುಖ್ಯಸ್ಥರು."

ಯಲ್ಲಾಪುರದ ಸುತ್ತ ಗಿಡ ನೆಡಬೇಕಾದರೆ ಮೊದಲು ಹತ್ತು ಮರ ಕಡಿದು ಜಾಗ ಮಾಡಿಕೊಳ್ಳಬೇಕು. ಈ ವಯಸ್ಸಿನಲ್ಲಿ ಕಾಡಿಗೆ ಕಾಡು ಸೇರಿಸಿ ಹೆಸರು ಕೆಡಿಸಿಕೊಳ್ಳಲು ನಾನು ತಯಾರಿರಲಿಲ್ಲ. ಮೂರು ತಾಲ್ಲೂಕಿನಲ್ಲಿ ಸಬಲರಾದ ಒಬ್ಬರು ಸಿಕ್ಕೇ ಸಿಗುತ್ತಾರೆ ಎಂದು ಹುಡುಕಲು ಹೊರಟೆ.

೧. ಸಿದ್ದಾಪುರದ ವೇದಿಕೆ

ಸಿದ್ದಾಪುರದಲ್ಲಿ ಒಬ್ಬ ತರುಣ ಮಾಸ್ತರನ್ನು ಆರಿಸಿಟ್ಟುಕೊಂಡಿದ್ದೆ. ಒಳ್ಳೆಯ ಧ್ವನಿ, ನೆಟ್ಟಗೆ ನಿಲ್ಲುವ ಅಭ್ಯಾಸ. "ನನ್ನ ತರಗತಿಯ ಅನುಭವ" ಎಂದು ಹತ್ತು ನಿಮಿಷ ಮಾತಾಡಲು ಒಂದು ತಿಂಗಳು ತಯಾರಿ ಮಾಡಿಸಿದ್ದೆ. ಶಿಬಿರ ಹತ್ತು ಗಂಟೆಗೆ, ಅವರ ಮಾತು ಹತ್ತೂವರೆಗೆ. ಕೆಳಗೆ ಶಿಕ್ಷಕರಿಗೆ ನಲವತ್ತು ಕುರ್ಚಿ, ವೇದಿಕೆಯ ಮೇಲೆ ಐದು. ಎಲ್ಲವನ್ನೂ ನಾನೇ ನಿಂತು ಹಾಕಿಸಿದ್ದು.

ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಸಭೆಗೆ ಯಾರಾದರೂ ಸ್ವಲ್ಪ ತಡವಾಗಿ, ಸ್ವಲ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರೆ ಅವರನ್ನು ಕೆಳಗೆ ಕೂರಿಸುವಂತಿಲ್ಲ. ಅಲ್ಲಿಯ ಸಂಘದ ಹಾಲಿ ಅಧ್ಯಕ್ಷರು ಬಂದರು, ಮೇಲೆ ಕರೆದರು. ಮಾಜಿ ಅಧ್ಯಕ್ಷರು ಬಂದರು, ಬಿಡಲಾಗುತ್ತದೆಯೇ? ಅವರನ್ನು ಸ್ಕೂಟರಿನಲ್ಲಿ ಕರೆತಂದವರು, ನಿವೃತ್ತ ಮಾಸ್ತರು ಇಬ್ಬರು, ಸಭಾಭವನದ ಬೀಗ ತೆಗೆದವರು, ಎಲ್ಲರೂ ಮೇಲೆ ಹೋದರು. ಪ್ರತಿ ಸಲವೂ ಕೆಳಗಿನ ಒಂದು ಕುರ್ಚಿ ಮೇಲೆ ಹೋಗುತ್ತಿತ್ತು, ಅದರಲ್ಲಿ ಕೂತಿದ್ದ ಶಿಕ್ಷಕರು ಎದ್ದು ಜಮಖಾನದ ಮೇಲೆ ಕೂರುತ್ತಿದ್ದರು.

ನಾನು ಅಲ್ಲಿಯ ಸಂಚಾಲಕಿಯನ್ನು ಪಕ್ಕಕ್ಕೆ ಕರೆದು, "ಇದು ಶಿಕ್ಷಕರ ಶಿಬಿರ. ಮೇಲೆ ಇಷ್ಟು ಜನ ಯಾಕೆ?" ಎಂದೆ.

"ಕರೀದೇ ಇದ್ರೆ ಬೇಜಾರು ಮಾಡ್ಕತ್ರು ಅಕ್ಕಾ."

"ಶಿಕ್ಷಕರಿಗೆ ಬೇಜಾರಾಗುವುದಿಲ್ಲವೇ?"

"ಇಲ್ಲೆ ಅಕ್ಕಾ, ಅವ್ಕೆ ರೂಢಿ ಇದ್ದು."

ಪ್ರತಿಯೊಬ್ಬರಿಗೂ ಹೂ ಕೊಡಬೇಕು, ಪ್ರತಿಯೊಬ್ಬರೂ "ಎರಡೇ ಮಾತು" ಆಡಬೇಕು. ಮಧ್ಯಾಹ್ನ ಊಟವಾಗಿ ಮತ್ತೆ ಸೇರುವ ಹೊತ್ತಿಗೆ ಮೇಲೆ ಇಪ್ಪತ್ತಮೂರು ಕುರ್ಚಿ, ಕೆಳಗೆ ಇಪ್ಪತ್ತೆರಡು. ಬಹುಮತ ವೇದಿಕೆಯ ಕಡೆ ಹೋಗಿತ್ತು. ಹತ್ತೂವರೆಗೆ ಮಾತಾಡಬೇಕಾದ ನನ್ನ ಮಾಸ್ತರು ಮೈಕಿನ ಎದುರು ನಿಂತಾಗ ಮೂರು ಗಂಟೆ ಇಪ್ಪತ್ತು ನಿಮಿಷ. ವೇದಿಕೆಯ ಮೇಲಿರುವವರನ್ನು ಒಬ್ಬೊಬ್ಬರಾಗಿ ಸಂಬೋಧಿಸಲು ಶುರುಮಾಡಿದರು. ಹದಿನಾಲ್ಕನೆಯವರಿಗೆ ಬಂದಿದ್ದರು. ಆಗ ಬಾಗಿಲಲ್ಲಿ ಖಾಕಿ ಅಂಗಿಯವರೊಬ್ಬರು ಬಂದು ಒಳಗೆ ಇಣುಕಿದರು.

ಸಂಚಾಲಕಿ ಮೈಕು ಕಿತ್ತುಕೊಂಡೇ ಬಿಟ್ಟರು. "ನಮ್ಮ ಕರೆಗೆ ಓಗೊಟ್ಟು ಅರಣ್ಯ ಇಲಾಖೆಯ ಅಧಿಕಾರಿಗಳೂ ಆಗಮಿಸಿದ್ದಾರೆ. ದಯವಿಟ್ಟು ವೇದಿಕೆಗೆ ಬರಬೇಕು."

"ಅಲ್ರೀ, ನಾ..." ಎಂದರು ಅವರು.

"ಸಂಕೋಚ ಬೇಡ ಸರ್!"

ಇಬ್ಬರು ತೋಳು ಹಿಡಿದು ಕರೆತಂದರು. ಕೆಳಗಿಂದ ಇನ್ನೊಂದು ಕುರ್ಚಿ ಹೋಯಿತು. ಶಾಲು ಹೊದೆಸಿದರು, ಕೈಗೆ ಹೂ ಕೊಟ್ಟರು, ಎರಡೇ ಮಾತು ಆಡಿ ಎಂದು ಮೈಕು ಕೊಟ್ಟರು. ಅವರು ಶಾಲನ್ನೊಮ್ಮೆ ನೋಡಿಕೊಂಡು, ಗಡಿಯಾರವನ್ನೊಮ್ಮೆ ನೋಡಿ, ಹೇಳಿದರು:

"ಎಲ್ಲರಿಗೂ ನಮಸ್ಕಾರ್ರಿ. ನಾ ಮೂರೂವರಿ ಬಸ್ಸಿನ ಡ್ರೈವರ್. ಇದನ್ನ ಬಿಟ್ರ ಆ ಕಡೆ ಇವತ್ತ ಮತ್ತ ಬಸ್ಸಿಲ್ಲ. ಬರೋರು ಬರ್ರಿ, ನಾ ಹೊಂಟೆ."

ಜಮಖಾನದ ಮೇಲಿದ್ದವರೆಲ್ಲ ಒಂದೇ ಸಲಕ್ಕೆ ಎದ್ದರು. ನನ್ನ ಮಾಸ್ತರೂ ಭಾಷಣದ ಹಾಳೆ ಮಡಚಿಕೊಂಡು ಓಡಿದರು. ವೇದಿಕೆಯಿಂದಲೂ ಆರು ಜನ ಇಳಿದು ಹೋದರು. ಹತ್ತು ಜನರ ಎದುರು ಸರಿ ಕಂಡದ್ದನ್ನು ಹೆದರದೆ ಹೇಳಿ, ಇಡೀ ಸಭೆಯನ್ನು ಎಬ್ಬಿಸಿದ ಒಬ್ಬರು ಸಿದ್ದಾಪುರದಲ್ಲಿ ಸಿಕ್ಕಿದರು. ಶಿಕ್ಷಕರಾಗಿರಲಿಲ್ಲ, ಅದೊಂದೇ ಕೊರತೆ. ಶಾಲು ಹೊದ್ದುಕೊಂಡೇ ಬಸ್ಸು ಬಿಟ್ಟುಕೊಂಡು ಹೋದರು.

೨. ಎರಡನೇ ತರಗತಿಯ ಹೆಡ್‌ಮಾಸ್ತರು

ಶಿರಸಿಯ ಎರಡು ದಿನದ ಶಿಬಿರಕ್ಕೆ ವೇದಿಕೆಯನ್ನೇ ಇಡಲಿಲ್ಲ. ಪಾಠ ಹೇಳುವವರಿಗೆ ಮಕ್ಕಳ ಕಷ್ಟ ತಿಳಿದರೆ ಧೈರ್ಯ ತಾನಾಗಿ ಬರುತ್ತದೆ ಎಂದು ಒಂದು ಪುಸ್ತಕದಲ್ಲಿ ಓದಿದ್ದೆ. ಆದ್ದರಿಂದ ನಾನು ಅಕ್ಕೋರು, ನಲವತ್ತು ಶಿಕ್ಷಕರು ಎರಡನೇ ತರಗತಿಯ ಮಕ್ಕಳು. "ಸಂಜೆಯ ಗಂಟೆ ಹೊಡೆಯುವ ತನಕ ಯಾರೂ ಪಾತ್ರ ಬಿಟ್ಟು ಹೊರಗೆ ಬರಬಾರದು" ಎಂದು ಖಡಾಖಂಡಿತವಾಗಿ ಹೇಳಿದೆ. ಅಲ್ಲಿಯೇ ತಪ್ಪಿದ್ದು.

ಹತ್ತು ನಿಮಿಷದಲ್ಲಿ ಎರಡು ಪೆನ್ನು ಕಳುವಾದವು. ಇಪ್ಪತ್ತು ವರ್ಷ ಅನುಭವವಿರುವ ಗಣಿತದ ಅಕ್ಕೋರು ಎದ್ದು ನಿಂತು, "ಅಕ್ಕೋರೇ, ಇವಳು ನನ್ನ ಚೂಟಿದ್ಲು" ಎಂದರು. ಚೂಟಿದವರು ವಿಜ್ಞಾನದ ಅಕ್ಕೋರು. ಹಿಂದಿನ ಸಾಲಿನಲ್ಲಿ ಒಬ್ಬ ಮಾಸ್ತರು ಚಾಕಪೀಸು ತಿನ್ನುತ್ತಿದ್ದರು. ನಟನೆಯೆಂದುಕೊಂಡೆ. ನಿಜವಾಗಿಯೂ ತಿನ್ನುತ್ತಿದ್ದರು.

ನಾನು ಭರವಸೆ ಇಟ್ಟಿದ್ದು ಬನವಾಸಿ ಕಡೆಯ ಒಬ್ಬ ಹೆಡ್‌ಮಾಸ್ತರ ಮೇಲೆ. ನಿವೃತ್ತಿಗೆ ಎರಡು ವರ್ಷ ಇದ್ದವರು, ಗಂಭೀರ ಮುಖ, ಬಿಳಿ ಮೀಸೆ. ಇಂಥವರೇ ವಲಯ ಅಧ್ಯಕ್ಷರ ಎದುರು ನಿಲ್ಲಲು ಯೋಗ್ಯರು ಎಂದು ಲೆಕ್ಕ ಹಾಕುತ್ತಿದ್ದೆ. ಹನ್ನೊಂದೂಕಾಲಿಗೆ ಅವರು ಎದ್ದು ನಿಂತು ಕಿರುಬೆರಳು ಎತ್ತಿ ತೋರಿಸಿದರು. ಎರಡನೇ ತರಗತಿಯಲ್ಲಿ ಅದಕ್ಕೆ ಇಲ್ಲವೆನ್ನುವಂತಿಲ್ಲ. "ಹೋಗಿ ಬೇಗ ಬಾ" ಎಂದೆ.

ಹನ್ನೆರಡಾಯಿತು, ಒಂದಾಯಿತು. ಅವರಿಲ್ಲ.

"ಎಲ್ಲಿ ಹೋದರು ಅವರು?" ಎಂದು ಕೇಳಿದೆ.

"ಗೊತ್ತಿಲ್ರಿ ಅಕ್ಕೋರೇ. ಅವ ದಿನಾ ಹಿಂಗ ಮಾಡ್ತಾನ್ರಿ" ಎಂದರು ಪಕ್ಕದಲ್ಲಿ ಕೂರುವ ಮಾಸ್ತರು.

"ಈಗ ನಾಟಕ ಸಾಕು. ನಿಜವಾಗಿ ಎಲ್ಲಿ ಹೋದರು?"

"ಗಂಟೆ ಹೊಡೆಯುವ ತನಕ ಪಾತ್ರ ಬಿಡಬಾರದು ಅಂತ ನೀವೇ ಹೇಳಿದ್ರಿ ಅಕ್ಕೋರೇ" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು.

ಸಂಜೆ ಅವರ ಮೊಬೈಲಿಗೆ ಒಂದು ಸಂದೇಶ ಕಳಿಸಿದೆ. ಸಿಟ್ಟಿನಲ್ಲಿ ಕಳಿಸಿದ್ದು. "ನಾಳೆ ಬರುವಾಗ ಪಾಲಕರನ್ನು ಕರೆದುಕೊಂಡು ಬರುವುದು."

ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಅವರು ಹೆಂಡತಿಯನ್ನು ಕರೆದುಕೊಂಡು ಬಂದರು. "ಪಾಲಕರು ಬಂದಾರ್ರಿ ಅಕ್ಕೋರೇ" ಎಂದು ಹೇಳಿ, ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಆಕೆಗೆ ಇದು ಶಿಬಿರವೋ ವಿಚಾರಣೆಯೋ ಯಾರೂ ಹೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತವರೇ ನಲವತ್ತು ಜನರ ಎದುರು ಶುರುಮಾಡಿದರು.

"ನೀವು ಕರೆಸಿದ್ದು ಭಾಳ ಚಲೋ ಆತ್ರಿ ಮೇಡಂ. ಮನ್ಯಾಗೂ ಹಿಂಗಾ. ಒಂದು ಮಾತು ಕೇಳಂಗಿಲ್ಲ. ಊಟಕ್ಕ ಕರದ್ರ ಹತ್ತು ಸಲ ಕರೀಬೇಕು. ಕೂತಲ್ಲೇ ಟಿ.ವಿ., ಟಿ.ವಿ. ಬಿಟ್ರ ಮೊಬೈಲು. ನೀವರ ಒಂದೀಟು ಗದರಿಸಿ ಹೇಳ್ರಿ. ಮನಿಗೆಲಸಾನೂ ಕೊಡ್ರಿ, ಜಾಸ್ತಿನ ಕೊಡ್ರಿ."

ಹೆಡ್‌ಮಾಸ್ತರು ತಲೆ ತಗ್ಗಿಸಿ ನಿಂತಿದ್ದರು. ನಾನು ಕೇಳಿದೆ, "ನಿನ್ನೆ ಶಾಲೆ ಬಿಟ್ಟು ಎಲ್ಲಿಗೆ ಹೋಗಿದ್ದಿ?"

"ಮಿಕ್ಸರ್ ರಿಪೇರಿಗೆ ಹೋಗಿದ್ನಿರಿ ಅಕ್ಕೋರೇ. ಮನ್ಯಾಗ ಹೇಳಿದ್ರು."

ಆಕೆ ತಿರುಗಿ ನೋಡಿದರು. "ಮಿಕ್ಸರ್ ಇನ್ನೂ ಮನ್ಯಾಗ ಐತಲ್ಲ?"

"ಹಾಗಾದರೆ ಎಲ್ಲಿಗೆ ಹೋಗಿದ್ದು?" ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು.

ಹೆಡ್‌ಮಾಸ್ತರು ನಿಧಾನವಾಗಿ ಕಿರುಬೆರಳು ಎತ್ತಿದರು.

೩. ಹೆಸರು ಬರೆಯಬೇಡಿ

ಉಳಿದದ್ದು ಯಲ್ಲಾಪುರ. ಡಿಸೆಂಬರ್ ಬಂದಿತ್ತು. ಎದುರಿಗೆ ನಿಂತು ಹೇಳಲು ಧೈರ್ಯವಿಲ್ಲದಿದ್ದರೆ ಬರೆದಾದರೂ ಹೇಳಲಿ ಎಂದು ಎಲ್ಲರಿಗೂ ಒಂದೊಂದು ಅಭಿಪ್ರಾಯದ ಹಾಳೆ ಕೊಟ್ಟೆ. "ಯಾರೂ ಹೆಸರು ಬರೆಯಬೇಡಿ. ಯಾರು ಬರೆದದ್ದೆಂದು ನನಗೆ ಗೊತ್ತಾಗುವುದಿಲ್ಲ. ನಿಮಗೆ ನಿಜವಾಗಿ ಅನ್ನಿಸಿದ್ದನ್ನೇ ಬರೆಯಿರಿ" ಎಂದು ಹೇಳಿ ಹೊರಗೆ ಹೋದೆ. ಹೊರಗೆ ಹೋಗಲು ಇನ್ನೊಂದು ಕಾರಣವಿತ್ತು. ಅಡುಗೆಯವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತು, ಊಟ ಬಂದಿರಲಿಲ್ಲ.

ತಿರುಗಿ ಬಂದು ಹಾಳೆಗಳನ್ನು ಓದಿದೆ. ಮೂವತ್ತೊಂಬತ್ತು ಹಾಳೆಗಳಲ್ಲಿ ಒಂದೇ ಮಾತು. "ತರಬೇತಿಯು ಅತ್ಯಂತ ಉಪಯುಕ್ತವಾಗಿತ್ತು. ಊಟೋಪಚಾರದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು."

"ಊಟ ಇನ್ನೂ ಬಂದೇ ಇಲ್ಲವಲ್ಲ!" ಎಂದೆ.

ಹಿರಿಯ ಮಾಸ್ತರೊಬ್ಬರು ಎದ್ದು ಸಮಾಧಾನ ಹೇಳಿದರು. "ಬರ್ತದೆ ಬಿಡಿ ಮೇಡಂ. ಮೊದಲೇ ಬರೆದಿಟ್ರೆ ಆಮೇಲೆ ಅವಸರ ಇಲ್ಲ ಅಂತ ನಾನೇ ಹೇಳಿ ಬರೆಸಿದೆ."

ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಸರು ಬರೆಯಬೇಡಿ ಎಂದಿದ್ದೆನಷ್ಟೇ? ಯಾರೂ ಬರೆದಿರಲಿಲ್ಲ. ಆದರೆ ಎಲ್ಲರೂ ಕೆಳಗೆ ಸಹಿ ಹಾಕಿದ್ದರು. ಸಹಿಯ ಕೆಳಗೆ ಹುದ್ದೆ, ಶಾಲೆ, ತಾಲ್ಲೂಕು, ದಿನಾಂಕ. ಚೀಲದಲ್ಲಿ ಶಾಲೆಯ ಮೊಹರು ತಂದಿದ್ದವರು ಮೊಹರನ್ನೂ ಒತ್ತಿದ್ದರು. ಸಹಿ ಇಲ್ಲದ ಕಾಗದ ಕೊಟ್ಟು ಇವರಿಗೆ ಅಭ್ಯಾಸವೇ ಇಲ್ಲ.

ನಲವತ್ತನೆಯ ಹಾಳೆಯಲ್ಲಿ ಬೇರೆ ಬರಹವಿತ್ತು. ಸಣ್ಣ, ದುಂಡು ಅಕ್ಷರ. "ಈ ತರಬೇತಿಯನ್ನು ಅರ್ಧ ದಿನದಲ್ಲಿ ಮುಗಿಸಬಹುದಿತ್ತು. ಮೇಡಂ ಹೇಳಿದ್ದನ್ನೇ ಮೂರು ಸಲ ಹೇಳುತ್ತಾರೆ. ನಮಗೆ ಒಂದು ಸಲಕ್ಕೆ ತಿಳಿಯುತ್ತದೆ. ಇಂತಿ ತಮ್ಮ ವಿಧೇಯಳು." ಕೆಳಗೆ ಸಹಿ, ಮೊಹರು. ಮಂಚಿಕೇರಿ ಕಡೆಯ ಒಂದು ಸಣ್ಣ ಶಾಲೆಯ ಅಕ್ಕೋರು. ಎರಡು ವರ್ಷದ ಶಿಬಿರಗಳಲ್ಲಿ ಆಕೆ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಕರೆದು ಕೇಳಿದಾಗ ಏನೋ ಹೇಳಿದರು. ತುಟಿ ಅಲುಗಿತು, ಧ್ವನಿ ಬರಲಿಲ್ಲ. ಹತ್ತಿರ ಕಿವಿ ಕೊಟ್ಟ ಮೇಲೆ ಗೊತ್ತಾಯಿತು, "ಬರೆದದ್ದು ನಾನೇ" ಎಂದಿದ್ದರು.

ಧ್ವನಿ ಇಲ್ಲ, ಆದರೆ ಮಾತು ಇದೆ. ನನಗೆ ಬೇಕಾದವರು ಸಿಕ್ಕಿದರು ಎಂದು ವಲಯ ಅಧ್ಯಕ್ಷರಿಗೆ ಅಂದೇ ಬರೆದು ಹಾಕಿದೆ. ಮನೆಗೆ ಹೋದ ಮೇಲೆ ಮಾತ್ರ ಮನಸ್ಸು ತಡೆಯಲಿಲ್ಲ. ನಮ್ಮ ಯಜಮಾನರನ್ನು, "ನಾನು ಹೇಳಿದ್ದನ್ನೇ ಹೇಳುತ್ತೇನೆಯೇ?" ಎಂದು ಕೇಳಿದೆ.

ಅವರು ಪೇಪರಿನಿಂದ ತಲೆ ಎತ್ತದೆ, "ಇದನ್ನ ಆಗಿಂದ ಎರಡು ಸಲ ಕೇಳಾತು ನೀನು" ಎಂದರು.

೪. ಎರಡು ಕಡ್ಡಿ

ಜನವರಿಯಲ್ಲಿ ವಲಯ ಅಧ್ಯಕ್ಷರು ಹೇಳಿದ ದಿನವೇ ಬಂದರು. ಸಮಯಪಾಲನೆಯಲ್ಲಿ ನನಗೆ ಅವರ ಮೇಲೆ ಗೌರವವಿದೆ. ಅವರ ಕಾರಿನಲ್ಲಿ ನಾನು, ನಮ್ಮ ಸಂಘದ ಯಲ್ಲಾಪುರದ ಕಾರ್ಯದರ್ಶಿ ಮತ್ತು ಕಾರಿನ ಚಾಲಕ. ಡಿಕ್ಕಿಯಲ್ಲಿ "ಶಿಕ್ಷಕರ ಸಬಲೀಕರಣ" ಎಂದು ಬರೆದ ಹತ್ತು ಅಡಿ ಬ್ಯಾನರು.

ಶಿರಸಿ–ಯಲ್ಲಾಪುರ ರಸ್ತೆಯಿಂದ ಸ್ವಲ್ಪ ಒಳಗೆ ಶಾಲೆ. ಒಂದೇ ಕೋಣೆ, ಒಂದರಿಂದ ಐದನೇ ತರಗತಿಯವರೆಗೆ ಹನ್ನೊಂದು ಮಕ್ಕಳು, ಒಬ್ಬರೇ ಅಕ್ಕೋರು. ಒಳಗೆ ಹೋದಾಗ ಕಳೆಯುವ ಲೆಕ್ಕ ನಡೆಯುತ್ತಿತ್ತು. ಆಕೆ ಮಕ್ಕಳಿಗೂ ಪಿಸುಧ್ವನಿಯಲ್ಲಿಯೇ ಹೇಳುತ್ತಿದ್ದರು. ಒಂದು ಮಗುವೂ ಮಿಸುಕುತ್ತಿರಲಿಲ್ಲ. ಮಿಸುಕಿದರೆ ಏನೂ ಕೇಳಿಸುವುದಿಲ್ಲವಲ್ಲ. ಇಷ್ಟು ಶಿಸ್ತನ್ನು ನಾನು ಕಾನ್ವೆಂಟ್ ಬಿಟ್ಟ ಮೇಲೆ ನೋಡಿರಲಿಲ್ಲ.

ವಲಯ ಅಧ್ಯಕ್ಷರು ಎರಡು ನಿಮಿಷ ನೋಡಿದರು. ಆಮೇಲೆ ಮೊಬೈಲ್ ತೆಗೆದರು. ನಮ್ಮ ಸಂಘದ ವರದಿಗೆ ಈಗ ಬರಿಯ ಫೋಟೋ ಸಾಲದು, ಫೋಟೋದ ಕೆಳಗೆ ಊರು, ದಿನ, ಸಮಯ ತಾನಾಗಿ ಮೂಡಿರಬೇಕು. ಅದಕ್ಕೆ ನೆಟ್‌ವರ್ಕ್ ಬೇಕು. ಶಾಲೆಯಲ್ಲಿ ಇರಲಿಲ್ಲ.

"ರಸ್ತೆಯ ತಿರುವಿನಲ್ಲಿ ಸಿಗ್ತದೆ ಸರ್. ಈ ಕಡೆಯವರೆಲ್ಲ ಅಲ್ಲೇ ಹೋಗಿ ಫೋನ್ ಮಾಡೂದು" ಎಂದರು ಕಾರ್ಯದರ್ಶಿ.

ವಲಯ ಅಧ್ಯಕ್ಷರು ಅಕ್ಕೋರ ಕಡೆ ತಿರುಗಿ, "ಭಾಳ ಸಂತೋಷ ಆತ್ರಿ. ಮಕ್ಕಳನ್ನ ಕರಕೊಂಡು ರಸ್ತೆ ಕಡೆ ನಡೀರಿ, ಒಂದು ಫೋಟೋ ಹೊಡಿಯೂಣು" ಎಂದರು.

ಅಕ್ಕೋರ ತುಟಿ ಅಲುಗಿತು.

"ಏನಂದ್ರಿ?" ಎಂದು ಅವರು ಸೊಂಟ ಬಗ್ಗಿಸಿ ಕಿವಿಗೆ ಕೈ ಹಿಡಿದರು.

"ಆಗೂದಿಲ್ಲ ಸರ್. ಲೆಕ್ಕ ಅರ್ಧ ಆಗಿದೆ."

ಇಡೀ ಕಾರ್ಯಕ್ರಮ ಆ ಒಂದು ಫೋಟೋದ ಮೇಲೆ ನಿಂತಿತ್ತು. ನಾನು ಮುಂದೆ ಹೋಗಿ, "ಐದೇ ನಿಮಿಷ ಅಮ್ಮಾ. ಹೋಗಿ ಬರಲು ಐದು ನಿಮಿಷ. ಹೆಚ್ಚೆಂದರೆ ಐದು..." ಎಂದೆ.

"ತಿಳೀತು ಮೇಡಂ" ಎಂದು ಆಕೆ ಅಷ್ಟೇ ಮೆಲ್ಲಗೆ ಹೇಳಿದರು. "ಆಗೂದಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ನಾನೇ ಬರ್ತೆ."

ಹೊರಗೆ ಬಂದು ನಿಂತೆವು. ನಾನೇ ಮೊದಲು ಮಾತಾಡಿದೆ. "ಸರ್, ನೀವು ಕೇಳಿದ್ದು 'ಹೆದರದೆ ಹೇಳುವವರು' ಎಂದಲ್ಲವೇ? ನಿಮಗೂ ಹೇಳಿದರು, ನನಗೂ ಹೇಳಿದರು."

"ಹೇಳಿದ್ದು ಖರೇರಿ. ಆದರ ಫೋಟೋ ಇಲ್ಲಲ್ಲ?"

"ಹೇಳಿದ ಕೂಡಲೇ ಎದ್ದು ಬಂದು ಫೋಟೋಕ್ಕೆ ನಿಂತಿದ್ದರೆ ಅವರು ಸಬಲರೇ ಅಲ್ಲ ಎಂದಾಗುತ್ತಿತ್ತು."

"ನಿಲ್ಲದಿದ್ರ ಸಬಲರು ಅಂತ ಯಾರಿಗೂ ಗೊತ್ತಾಗಂಗಿಲ್ಲರಿ. ವರದಿ ಖಾಲಿ ಹೋಕ್ಕತಿ. ಖಾಲಿ ವರದಿ ಹೋದ್ರ ಗಿಡಾನ ನೆಡಬೇಕು."

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಗಂಟೆ ಹೊಡೆಯುವವರೆಗೆ ಕಾಯುತ್ತ, ತಿರುವಿಗೆ ಹೋಗಿ ಬ್ಯಾನರಿನದಾದರೂ ಒಂದು ಫೋಟೋ ತೆಗೆದಿಡುವುದು.

ತಿರುವಿನಲ್ಲಿ ರಸ್ತೆಯ ಅಂಚಿಗೆ ನಿಂತರೆ ನೆಟ್‌ವರ್ಕಿನ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು. ವಲಯ ಅಧ್ಯಕ್ಷರು ಮೊಬೈಲನ್ನು ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ನಡುರಸ್ತೆಯ ಬಿಳಿ ಗೆರೆಯ ಮೇಲೆ ನಿಂತರು. "ಎರಡು ಕಡ್ಡಿ ಬಂತು! ಇಲ್ಲೇ ಬರ್ರಿ!" ಎಂದು ಕೂಗಿದರು. ಕಾರ್ಯದರ್ಶಿ ಬ್ಯಾನರಿನ ಆ ತುದಿ, ಕಾರಿನ ಚಾಲಕ ಈ ತುದಿ ಹಿಡಿದರು. ನಡುವೆ ನಾನು. ಜೀವಮಾನದಲ್ಲಿ ರಸ್ತೆಯ ಎಡಬದಿ ಬಿಟ್ಟು ನಡೆದವಳಲ್ಲ ನಾನು.

ಯಲ್ಲಾಪುರದ ಕಡೆಯಿಂದ ನಾಟಾ, ಅಂದರೆ ಮರದ ದಿಮ್ಮಿ, ತುಂಬಿದ ಲಾರಿಯೊಂದು ಬಂತು. ನಮ್ಮನ್ನು ನೋಡಿ ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಟೆಂಪೋ. ಶಿರಸಿಯ ಕಡೆಯಿಂದ ಇನ್ನೆರಡು ಲಾರಿ. ಯಾರೂ ಹಾರನ್ ಹೊಡೆಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ನಡುರಸ್ತೆಯಲ್ಲಿ ಬ್ಯಾನರು ಹಿಡಿದು ನಿಂತವರನ್ನು ಕಂಡರೆ ಜನ ಗಾಡಿ ನಿಲ್ಲಿಸಿ ಇಳಿದು, ಕೈ ಹಿಂದೆ ಕಟ್ಟಿ, ಬೇಡಿಕೆ ಏನೆಂದು ಕೇಳುತ್ತಾರೆ. ರಸ್ತೆ ತಡೆಗೆ ಕೊಡುವ ಮರ್ಯಾದೆಯನ್ನು ನಮ್ಮ ಶಿಬಿರಕ್ಕೆ ಯಾರೂ ಕೊಟ್ಟದ್ದಿಲ್ಲ.

ಬಸ್ಸಿನಿಂದ ಇಳಿದ ಅಜ್ಜನೊಬ್ಬರು ಬ್ಯಾನರು ಓದಿದರು. "ಅಕ್ಕೋರುಗಳಿಗೂ ಕಷ್ಟ ಬಂತಾ!" ಎಂದು ಮರುಗಿ, ಮುಷ್ಟಿ ಎತ್ತಿ, "ಶಿಕ್ಷಕರಿಗೆ ನ್ಯಾಯ..." ಎಂದರು.

"ಸಿಗಲೇಬೇಕು!" ಎಂದಿತು ಇಡೀ ಬಸ್ಸು.

"ಸ್ವಲ್ಪ ಸುಮ್ಮನಿರ್ರಿ, ಊರಿನ ಹೆಸರು ಮೂಡ್ಲಿಕತ್ತೈತಿ" ಎಂದರು ವಲಯ ಅಧ್ಯಕ್ಷರು ಮೊಬೈಲಿನಿಂದ ಕಣ್ಣು ತೆಗೆಯದೆ.

ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ ಜೀಪಿನಿಂದ ಪೊಲೀಸ್ ಅಧಿಕಾರಿಯೊಬ್ಬರು ಇಳಿದು ಬಂದು, "ಇಲ್ಲಿ ಮುಂದಾಳು ಯಾರು?" ಎಂದು ಕೇಳಿದರು. ಅಷ್ಟೂ ಜನ ನನ್ನ ಕಡೆ ಬೆರಳು ತೋರಿಸಿದರು. ಗಂಜಿ ಹಾಕಿದ ಸೀರೆಯಲ್ಲಿ ಇದ್ದವಳು ನಾನೊಬ್ಬಳೇ.

"ಮನವಿ ಕೊಡಿ ಮೇಡಂ. ತಗೊಳ್ತೇನೆ. ರಸ್ತೆ ಬಿಟ್ಟುಬಿಡಿ."

"ನಮ್ಮದು ಯಾವ ಬೇಡಿಕೆಯೂ ಇಲ್ಲ" ಎಂದೆ, ನೆಟ್ಟಗೆ ನಿಂತು.

ನಾಟಾ ಲಾರಿಯ ಚಾಲಕ, ಯಲ್ಲಾಪುರ ಪೇಟೆಯ ಸಾಹೇಬರು, ನೊಂದುಕೊಂಡು ಹೇಳಿದರು. "ಬೇಡಿಕೆ ಇಲ್ಲ ಅಂದ್ರೆ ಹೆಂಗೆ ಮೇಡಂ? ಇಪ್ಪತ್ತು ನಿಮಿಷದಿಂದ ನಾನು ನಿಮಗೆ ಬೆಂಬಲ ಕೊಡ್ತಾ ನಿಂತೀನಿ!"

"ಬೇಡಿಕೆ ಹೇಳದೆ ಬಿಡೂದಿಲ್ಲ!" ಎಂದರು ಅಜ್ಜ. ಈಗ ರಸ್ತೆ ತಡೆದವರು ನಾವಾಗಿರಲಿಲ್ಲ, ನಮ್ಮನ್ನು ಅವರು ತಡೆದಿದ್ದರು.

ಅಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹನ್ನೊಂದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಅಕ್ಕೋರು ಬಂದರು. ಮಾತಿಗೆ ತಪ್ಪಲಿಲ್ಲ. ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. "ಇವರೇ ಅಕ್ಕೋರು! ಬೇಡಿಕೆ ಇವರು ಹೇಳ್ತಾರೆ!" ಎಂದು ಅವರನ್ನು ಮುಂದೆ ಮಾಡಿಯೇ ಬಿಟ್ಟರು.

ಅಕ್ಕೋರು ಬ್ಯಾನರು ನೋಡಿದರು, ಲಾರಿಗಳನ್ನು ನೋಡಿದರು. ತುಟಿ ಅಲುಗಿತು.

"ಕೇಳ್ತಿಲ್ಲೆ!" ಎಂದರು ಹಿಂದಿನವರು.

ಆಕೆ ಧ್ವನಿ ಏರಿಸಲಿಲ್ಲ. ಸುಮ್ಮನೆ ನಿಂತು ಅವರನ್ನು ನೋಡಿದರು. ಆ ನೋಟ ಕಂಡು ನಾಟಾ ಲಾರಿಯವರು ಹೋಗಿ ಎಂಜಿನ್ ನಿಲ್ಲಿಸಿದರು. ಟೆಂಪೋದವನಿಗೂ ಸನ್ನೆ ಮಾಡಿದರು. ಬಸ್ಸಿನ ಎಂಜಿನ್ ನಿಂತಿತು, ಆ ಕಡೆಯ ಲಾರಿಗಳದ್ದೂ ಒಂದರ ಹಿಂದೆ ಒಂದು ನಿಂತವು. ಆ ರಸ್ತೆಯಲ್ಲಿ ಹಕ್ಕಿ ಕೂಗುತ್ತದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಅಷ್ಟೂ ಜನ ಉಸಿರು ಹಿಡಿದು ಮುಂದಕ್ಕೆ ಬಾಗಿದರು.

"ನನ್ನ ಮಕ್ಕಳು ದಿನಾ ಇಲ್ಲೇ ರಸ್ತೆ ದಾಟೂದು. ಲಾರಿ ಜೋರು ಬರ್ತವೆ. ಈ ತಿರುವಿನಲ್ಲಿ ನಿಧಾನ ಬರಬೇಕು. ಅಷ್ಟೇ."

ಪೊಲೀಸ್ ಅಧಿಕಾರಿ ಕಾಗದ, ಪೆನ್ನು ತೆಗೆದು ಬರೆದುಕೊಂಡರು. "ಬರೆದಾಯ್ತು. ಯಾರಿಗೆ ಅಂತ ಹಾಕಲಿ ಅಕ್ಕೋರೇ? ತಹಸೀಲ್ದಾರರಿಗಾ, ಕಲೆಕ್ಟರಿಗಾ?"

ಅಕ್ಕೋರು ನಾಟಾ ಲಾರಿಯ ಚಾಲಕರ ಕಡೆ ಕೈ ತೋರಿಸಿದರು. "ಇವರಿಗೇ."

ಲಾರಿಯ ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ತಲೆಯ ಮೇಲಿನ ಟವೆಲ್ ತೆಗೆದರು. "ಆಯ್ತು ಟೀಚರಮ್ಮಾ. ನಿಧಾನ ಬರ್ತೀನಿ."

"ನಮ್ಮದೂ ಒಪ್ಪಿಗೆ!" ಎಂದರು ಆ ಕಡೆಯ ಲಾರಿಯವರು. ತಡೆದವರ ಬೇಡಿಕೆಯನ್ನು ತಡೆಸಿಕೊಂಡವರೇ ಸ್ಥಳದಲ್ಲಿ ಈಡೇರಿಸಿದ ರಸ್ತೆ ತಡೆಯನ್ನು ತನ್ನ ಸೇವೆಯಲ್ಲಿ ಕಂಡಿಲ್ಲ ಎಂದು ಅಧಿಕಾರಿ ಹೇಳಿದರು. ಆದರೂ ಕ್ರಮ ಕ್ರಮವೇ ಎಂದು ಅಷ್ಟೂ ಚಾಲಕರಿಂದ ಸಹಿ ಮಾಡಿಸಿಕೊಂಡರು. ಅಕ್ಕೋರು ಮಕ್ಕಳನ್ನು ರಸ್ತೆ ದಾಟಿಸಿ, ಮತ್ತೆ ಈ ಕಡೆಗೆ ದಾಟಿಸಿಕೊಂಡು, ಬಿಸಿಯೂಟ ಆರುತ್ತದೆ ಎಂದು ಹೊರಟೇಬಿಟ್ಟರು.

"ಮೂಡಿತು!" ಎಂದು ವಲಯ ಅಧ್ಯಕ್ಷರು ಕೂಗಿ ಗುಂಡಿ ಒತ್ತಿದರು. ಫೋಟೋದಲ್ಲಿ ಊರು, ದಿನ, ಸಮಯ ಎಲ್ಲ ಚೆನ್ನಾಗಿ ಬಂದಿದ್ದವು. ಬ್ಯಾನರಿನ ಕೆಳಗೆ ಪೊಲೀಸರು, ಸಹಿ ಹಾಕುತ್ತಿರುವ ಐವರು ಚಾಲಕರು, ಮುಷ್ಟಿ ಎತ್ತಿದ ಅಜ್ಜ, ಬಾಯಿ ತೆರೆದಿದ್ದ ನಾನು. ಮೂಲೆಯಲ್ಲಿ ಅಕ್ಕೋರ ಜಡೆಯ ತುದಿ. ಆದರೆ ಅಲ್ಲಿ ಫೋಟೋ ತೆಗೆದವರು ಅವರೊಬ್ಬರೇ ಆಗಿರಲಿಲ್ಲ. ಬಸ್ಸಿನವರೂ ತೆಗೆದಿದ್ದರು. ನಡುರಸ್ತೆಯ ಬಿಳಿ ಗೆರೆಯ ಮೇಲೆ ಕೈ ಎತ್ತಿ ನಿಂತ ವಲಯ ಅಧ್ಯಕ್ಷರ ಚಿತ್ರ ನಾವು ಯಲ್ಲಾಪುರ ತಲುಪುವ ಮೊದಲೇ ಹುಬ್ಬಳ್ಳಿ ತಲುಪಿತ್ತು. "ಸರ್, ಯಾವ ಹೋರಾಟಕ್ಕ ಇಳಿದೀರಿ?" ಎಂದು ಕೇಳುವವರ ಫೋನಿಗೆ ಅವರು ದಾರಿಯುದ್ದಕ್ಕೂ ಉತ್ತರ ಹೇಳುತ್ತಿದ್ದರು.

ವಾರ ಕಳೆದ ಮೇಲೆ ಪತ್ರ ಬಂತು. ನಾನು ಕನ್ನಡಕ ಹಾಕಿಕೊಂಡು, ಕೂತು, ನಿಧಾನವಾಗಿ ಓದಿದೆ.

"ಸಬಲರಾದ ಶಿಕ್ಷಕಿಯನ್ನು ಖುದ್ದಾಗಿ ಕಂಡು ಖಚಿತಪಡಿಸಿಕೊಂಡಿದ್ದೇನೆ. ಕಾರ್ಯಕ್ರಮವನ್ನು ಮುಂದುವರಿಸಲು ಅಡ್ಡಿಯಿಲ್ಲ. ಆದರೆ ಮುಂದಿನ ವರ್ಷದಿಂದ ಸಬಲೀಕರಣವನ್ನು ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಮಾಡತಕ್ಕದ್ದು."